ಅಂಗಳದ ತರಕಾರಿಗೆ ವಿಷವೇಕೆ?

ಅಲಸಂಡೆಗೆ ಗಿಡಹೇನು ಕಂಡೊಡನೆ ವಿಷದ ಬಾಟಲಿಗೆ ಕೈಹಾಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಸರಗೋಡಿನವರಾದ ನಮಗೆ ಇದು ತಕ್ಕುದಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ 20 ವರ್ಷಕ್ಕೂ ಮಿಕ್ಕಿ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂದು ಎಣ್ಮಕಜೆಯ ಮನೆಗಳು ಬಲ್ಲವು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಬೇರೆ ವಿಷಗಳು ಅಂಗಡಿಯಲ್ಲಿ ಇದ್ದೇ ಇವೆ.

ಗಿಡದ ಆರೋಗ್ಯ ಮಣ್ಣಿನಿಂದ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಸುಡುಮಣ್ಣು ಕೊಡಿ. ಯೂರಿಯಾ ಹೆಚ್ಚಾದರೆ ಎಲೆ ಮೆದುವಾಗಿ ಹೇನು ಹೆಚ್ಚುತ್ತದೆ. ಒಂದೇ ಸಾಲಿನಲ್ಲಿ ಪ್ರತಿವರ್ಷ ಒಂದೇ ತರಕಾರಿ ಬೇಡ. ಹೇನು ಬಂದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸಾಬೂನು ಕಲಸಿ ಸಂಜೆ ಎಲೆಯಡಿಗೆ ಸಿಂಪಡಿಸಿ. ನಾಲ್ಕು ಕಾಯಿ ಹಾಳಾದರೆ ಆಗಲಿ; ಮಕ್ಕಳ ಬಟ್ಟಲಿಗೆ ವಿಷ ಬೀಳಬಾರದು.