ಚಳಿಗೆ ಸೈಕಲ್ ಮೂಲೆ ಸೇರಬೇಕೆ?

ಧನುರ್ಮಾಸ ಬಂತೆಂದರೆ ನಮ್ಮ ಬೆಳೆಗಾರರ ಮನೆಗಳಲ್ಲಿ ಸೈಕಲ್ ಮೂಲೆ ಸೇರುತ್ತದೆ. ನಾವೂ ಹಾಗೆಯೇ ಇದ್ದೆವು. ಕಳೆದ ಚಳಿಗಾಲ ಸಂಘದ ಕೆಲಸಕ್ಕೆಂದು ಮಾಕಳಿಯ ನೆಂಟರಲ್ಲಿ ಉಳಿದಾಗ, ನಸುಕಿನಲ್ಲೇ ತುಮಕೂರು ರಸ್ತೆ ಹಿಡಿದು ಪೀಣ್ಯದತ್ತ ಸೈಕಲ್ ತುಳಿಯುವವರನ್ನು ಕಂಡು ನಾಚಿದೆವು. ಬೆಂಗಳೂರಿನ ಚಳಿಯಾದರೂ ಎಷ್ಟು? 1884ರ ಜನವರಿಯ 7.8 ಡಿಗ್ರಿಯೇ ಅಲ್ಲಿನ ದಾಖಲೆ.

ಮರುದಿನ ನಾವೂ ಹೊರಟೆವು. ಸ್ವೆಟರಿನ ಮೇಲೆ ಕೋಟು ತೊಟ್ಟು ಬೆವರಿ, ನಿಂತೊಡನೆ ನಡುಗಿದೆವು. ಹೊರಡುವಾಗ ತುಸು ಚಳಿಯೆನಿಸಬೇಕು. ಹತ್ತು ನಿಮಿಷದಲ್ಲಿ ಮೈ ಬಿಸಿಯಾಗುತ್ತದೆ. ಕಿವಿ, ಬೆರಳು ಮುಚ್ಚಿದರಾಯಿತು. ವಾರದಲ್ಲಿ ರೂಢಿಯಾಯಿತು.

ರೂಢಿಯಾಗದ್ದು ಮಂಜು. ಹಿಂದೀಪವಿಲ್ಲದ ಸೈಕಲ್ ಲಾರಿಯವನಿಗೆ ಕಾಣದು. ಕಾಫಿ ಕೊಯ್ಲಿಗೆ ಮುಂಜಾನೆ ಸೈಕಲ್ಲಿನಲ್ಲಿ ಬರುವ ಕೂಲಿಯವರಿಗೆ ಸದಸ್ಯರು ಒಂದೊಂದು ಕೆಂಪು ದೀಪ ಕೊಡಿಸಲೇಬೇಕೆಂಬುದು ನಮ್ಮ ಆಗ್ರಹ. ಕೊಯ್ಲು ಇನ್ನೂ ಮುಗಿದಿಲ್ಲ.