ಪೂಜೆಗೆ ಲಕ್ಷ್ಮಿ, ಮಾರಾಟಕ್ಕೆ ಮೋಡಕಾ

ನಮ್ಮ ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆ ತೆಗೆದರೆ ನಾಲ್ಕಾದರೂ ಬೆಳ್ಳಿ ರೂಪಾಯಿ ಸಿಗುತ್ತವೆ. ರಾಣಿ ಛಾಪಿನವು, ರಾಜಾ ಛಾಪಿನವು. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬಂದವು. ದೀಪಾವಳಿ ಅಮಾವಾಸ್ಯೆಗೆ ಅವಕ್ಕೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಆದರೆ ಮಗಳ ಮದುವೆಗೋ ಮಗನ ಕಾಲೇಜಿನ ಫೀಗೋ ಅವನ್ನು ಗಂಟುಕಟ್ಟಿಕೊಂಡು ಸರಾಫನ ಅಂಗಡಿಗೆ ಹೋದ ದಿನ ಆ ಲಕ್ಷ್ಮಿ ಮೋಡಕಾ ಆಗಿಬಿಡುತ್ತಾಳೆ. ಮುರಿದ ಕಾಲುಂಗುರ, ಹರಿದ ಕಾಲ್ಗೆಜ್ಜೆಗಳ ಜೊತೆ ಒಂದೇ ತಕ್ಕಡಿಗೆ ಬೀಳುತ್ತಾಳೆ.

"ಅಕ್ಕಾರ, ಹಳೇ ರೂಪಾಯಿ ಎಲ್ಲಾ ಒಂದರೀ. ಸವದಾವ. ಅರ್ಧಾ ಬೆಳ್ಳಿ ಅಂತ ಹಿಡೀತೀವಿ." ಇಂಥ ಮಾತನ್ನು ಒಂದಲ್ಲ, ನಾಲ್ಕಾರು ಅಂಗಡಿಗಳಲ್ಲಿ ಕೇಳಿದ್ದೇನೆ. ಈ ಮಾತು ಸುಳ್ಳು. ನನ್ನ ತಕರಾರು ಇರುವುದೇ ಇಲ್ಲಿ.

ಹಳೆಯ ರೂಪಾಯಿ ಎಲ್ಲಾ ಒಂದೇ ಅಲ್ಲ. 1835ರಿಂದ 1939ರವರೆಗೆ ಬ್ರಿಟಿಷರು ಅಚ್ಚು ಹಾಕಿಸಿದ ರೂಪಾಯಿ ತೂಕದಲ್ಲಿ ಸರಿಯಾಗಿ ಒಂದು ತೊಲೆ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಲೆಕ್ಕ ಹಾಕಿದರೆ ಸುಮಾರು 10.69 ಗ್ರಾಂ. ಎರಡನೆಯ ಮಹಾಯುದ್ಧದಲ್ಲಿ ಬೆಳ್ಳಿಗೆ ಕೊರತೆ ಬಿತ್ತು. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ತೂಕ ಮಾತ್ರ ಅಷ್ಟೇ ಉಳಿಯಿತು. 1947ರ ಹುಲಿ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ಬರೀ ನಿಕ್ಕಲ್. ಇಸವಿ ನಾಣ್ಯದ ಮೇಲೇ ಬರೆದಿರುತ್ತದೆ. ಓದಲು ಕನ್ನಡಕ ಸಾಕು, ಸರಾಫ ಬೇಡ. ವಿಕ್ಟೋರಿಯಾ ರಾಣಿಯ ರೂಪಾಯಿಯನ್ನು "ಅರ್ಧಾ ಬೆಳ್ಳಿ" ಎಂದು ಹಿಡಿದವನು ನಿಮ್ಮ ಒಂದೊಂದು ರೂಪಾಯಿಯಿಂದಲೂ ನಾಲ್ಕೂಮುಕ್ಕಾಲು ಗ್ರಾಂ ಬೆಳ್ಳಿ ಎತ್ತಿಟ್ಟುಕೊಂಡ ಹಾಗಾಯಿತು.

ಇದು ಬೆಳ್ಳಿಯ ಲೆಕ್ಕ ಮಾತ್ರ. ನಾಣ್ಯಕ್ಕೆ ನಾಣ್ಯವಾಗಿಯೇ ಒಂದು ಬೆಲೆ ಇರುತ್ತದೆ. ಅದು ತಕ್ಕಡಿಗೆ ಕಾಣುವುದಿಲ್ಲ. ಅಮೆರಿಕದವರ ಬೆಳ್ಳಿ ಡಾಲರನ್ನೇ ನೋಡಿ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯಲ್ಲಿ ಅಚ್ಚಾದದ್ದು ಒಂದೇ ಲಕ್ಷ. 1921ರಲ್ಲಿ ಫಿಲಡೆಲ್ಫಿಯಾದಲ್ಲಿ ಅಚ್ಚಾದವು ನಾಲ್ಕು ಕೋಟಿಗೂ ಹೆಚ್ಚು. ಎರಡರಲ್ಲೂ ಇರುವುದು ಅಷ್ಟೇ ಬೆಳ್ಳಿ, ಆದರೆ ಬೆಲೆಗೆ ಅಜಗಜಾಂತರ. ಒಂದೇ ಇಸವಿಯ ಎರಡು ನಾಣ್ಯಗಳಲ್ಲಿಯೂ ಕೈಯಿಂದ ಕೈಗೆ ಸವೆದದ್ದಕ್ಕೆ ಒಂದು ದರ, ಚಲಾವಣೆಗೇ ಬರದೆ ಉಳಿದದ್ದಕ್ಕೆ ಅದರ ಹಲವು ಪಟ್ಟು. ಇದನ್ನು ಅಳೆಯಲು 1949ರಲ್ಲಿ ವಿಲಿಯಂ ಶೆಲ್ಡನ್ ಎಂಬವನು 1ರಿಂದ 70ರವರೆಗಿನ ಅಂಕದ ಪದ್ಧತಿ ಹಾಕಿಕೊಟ್ಟ. 60 ಮತ್ತು ಅದಕ್ಕೂ ಮೇಲೆ ಅಂದರೆ ಚಲಾವಣೆಯ ಸವಕಳಿ ಕಾಣದ ನಾಣ್ಯ. 1986ರಲ್ಲಿ ಒಂದು, 1987ರಲ್ಲಿ ಇನ್ನೊಂದು ಕಂಪನಿ ಹುಟ್ಟಿಕೊಂಡು, ನಾಣ್ಯ ಅಸಲಿಯೇ ಎಂದು ನೋಡಿ, ದರ್ಜೆ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಅಂಕ ಬರೆದು ಕೊಡತೊಡಗಿದವು. ಇದರಲ್ಲಿ ನನಗೆ ಹಿಡಿಸಿದ್ದು ಡಬ್ಬಿಯಲ್ಲ. ದರ್ಜೆ ಹೇಳುವವನು ಬೇರೆ, ಕೊಳ್ಳುವವನು ಬೇರೆ ಎಂಬ ಆ ನಿಯಮ.

ನಮ್ಮಲ್ಲಿ? ಪರೀಕ್ಷೆ ಮಾಡುವವನೂ ಅವನೇ, ದರ್ಜೆ ಹೇಳುವವನೂ ಅವನೇ, ಕೊಳ್ಳುವವನೂ ಅವನೇ. ಬೀಗರ ಮನೆಯವರೇ ಹೆಣ್ಣಿನ ಕಡೆಯ ಖರ್ಚಿನ ಪಟ್ಟಿ ಬರೆದ ಹಾಗೆ!

ಆ ಡಾಲರುಗಳಿಗೂ ನಮ್ಮ ರೂಪಾಯಿಗೂ ಒಂದು ನಂಟಿದೆ. ಮೊದಲನೆಯ ಮಹಾಯುದ್ಧದ ಹೊತ್ತಿನಲ್ಲಿ ನಮ್ಮ ಜನ ಕಾಗದದ ನೋಟು ನಂಬದೆ ಬೆಳ್ಳಿ ರೂಪಾಯಿಯನ್ನೇ ಕೇಳಿದರು. ಸರಕಾರದ ಬಳಿ ಬೆಳ್ಳಿ ಸಾಲಲಿಲ್ಲ. 1918ರಲ್ಲಿ ಅಮೆರಿಕ ಪಿಟ್‌ಮನ್ ಕಾಯ್ದೆ ಮಾಡಿ ಸುಮಾರು 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿತು. ಆ ಬೆಳ್ಳಿಯ ಬಹುಪಾಲನ್ನು ಭಾರತಕ್ಕೆಂದು ಬ್ರಿಟನ್ನಿಗೆ ಮಾರಿತು. ಅದೇ ಇಲ್ಲಿ ಐದನೆಯ ಜಾರ್ಜನ ರೂಪಾಯಿಯಾಯಿತು. ಅಲ್ಲಿ ಉಳಿದ ಡಾಲರುಗಳನ್ನು ಇಸವಿ ನೋಡಿ, ದರ್ಜೆ ನೋಡಿ ಮಾರುತ್ತಾರೆ. ಇಲ್ಲಿಗೆ ಬಂದ ಬೆಳ್ಳಿಯನ್ನು ನಾವು ಮೋಡಕಾ ಎಂದು ಹಾಕುತ್ತೇವೆ.

ಹಾಗೆಂದು ಡಬ್ಬಿಯ ಬೆನ್ನು ಹತ್ತಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಂತೆ ಪುರಾವಸ್ತು. ದರ್ಜೆ ಕಟ್ಟಿಸಲೆಂದು ನೀವು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಡಬ್ಬಿಯಲ್ಲಿ ಬಂದದ್ದೆಲ್ಲ ಅಪರೂಪವೂ ಅಲ್ಲ. 1918ರ ರೂಪಾಯಿಯಂಥ ಸಾಮಾನ್ಯ ನಾಣ್ಯ ಡಬ್ಬಿಯೊಳಗೂ ಸಾಮಾನ್ಯವೇ. ಡಬ್ಬಿಯನ್ನೂ ನಕಲು ಮಾಡುವವರಿದ್ದಾರೆ. ಕೊಳ್ಳುವವರು ಅದರ ಮೇಲಿನ ನಂಬರನ್ನು ಕಂಪನಿಯ ಪಟ್ಟಿಯಲ್ಲಿ ತಾಳೆ ನೋಡಬೇಕು. ಇನ್ನು "ನಿಮ್ಮ ಹಳೇ ನಾಣ್ಯಕ್ಕೆ ಹತ್ತು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಟ್ಟಿ" ಎಂದು ಫೋನಿನಲ್ಲಿ ಬರುವ ಗಾಳ ಬೇರೆ. ತನ್ನ ಹೆಸರು ಹೇಳಿಕೊಂಡು ಹೀಗೆ ಮೋಸ ಮಾಡುವವರಿದ್ದಾರೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿತ್ತು.

ಒಂದು ಮಾತು ನಮ್ಮ ನಮ್ಮಲ್ಲೇ. ಹಬ್ಬ ಬಂತೆಂದರೆ ಹುಣಸೆಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟು ಹಿಡಿದು ಆ ರೂಪಾಯಿಗಳನ್ನು ಫಳಫಳ ಅನ್ನಿಸುತ್ತೇವಲ್ಲ, ಅದನ್ನು ನಿಲ್ಲಿಸಬೇಕು. ಉಜ್ಜಿದಷ್ಟೂ ರಾಣಿಯ ಮೂಗು ಸವೆಯುತ್ತದೆ, ಮೂಲ ಹೊಳಪು ಹೋಗುತ್ತದೆ. ಉಜ್ಜಿದ ನಾಣ್ಯಕ್ಕೆ ದರ್ಜೆ ಕೊಡುವವರು ಅಂಕವನ್ನೇ ಕೊಡುವುದಿಲ್ಲ. ಕಪ್ಪಾದರೆ ಕಪ್ಪಾಗಲಿ, ಲಕ್ಷ್ಮಿ ಬೇಸರಿಸುವುದಿಲ್ಲ. ಸರಕ್ಕೆ ಪೋಣಿಸಲು ಬೆಸುಗೆ ಹಾಕಿ ಕೊಂಡಿ ಕೂಡಿಸಿದರೂ ನಾಣ್ಯದ ಬೆಲೆ ಹೋಗಿ ಬೆಳ್ಳಿಯ ಬೆಲೆಯಷ್ಟೇ ಉಳಿಯುತ್ತದೆ.

ಹಬ್ಬಕ್ಕೆ ಹೊಸದಾಗಿ ಕೊಳ್ಳುವ ಬೆಳ್ಳಿ ನಾಣ್ಯದ್ದೂ ಇದೇ ಕಥೆ. ಕೊಡುವಾಗ "ಪ್ಯೂರ್ ಐತ್ರೀ", ತಿರುಗಿ ತಂದಾಗ "ಕಡಿಮೆ ಐತ್ರೀ". ಬಂಗಾರಕ್ಕೆ 2021ರ ಜೂನ್ 16ರಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಬೆಳ್ಳಿಗೆ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಬಂದದ್ದು 2025ರ ಸೆಪ್ಟೆಂಬರ್ 1ರಂದು. ಅದೂ ಇಷ್ಟವಿದ್ದವರು ಹಾಕಿಸಲಿ ಎಂಬ ಷರತ್ತಿನಲ್ಲಿ. ಬೆಳ್ಳಿಯೇನು ಕಡಿಮೆ ಜಾತಿಯ ಲೋಹವೇ? ಬಂಗಾರ ಕೊಳ್ಳಲಾಗದ ಮನೆಯ ಹೆಣ್ಣುಮಕ್ಕಳ ಉಳಿತಾಯವೆಲ್ಲ ಇರುವುದು ಬೆಳ್ಳಿಯಲ್ಲೇ. ಅವರಿಗೆ ಮಾತ್ರ ಅಂಗಡಿಯವನ ಬಾಯಿಮಾತೇ ಪ್ರಮಾಣ ಏಕಾಗಬೇಕು?

ಆದ್ದರಿಂದ ಜವಳಿ ಸಾಲಿನ ಕಡೆಗಾಗಲಿ ಧಾರವಾಡದ ಸುಭಾಸ ರಸ್ತೆಗಾಗಲಿ ಹೋಗುವ ಮೊದಲು ಮನೆಯಲ್ಲೇ ಒಂದು ತಾಸು ಕುಳಿತುಕೊಳ್ಳಿ. ಇಸವಿಯ ಪ್ರಕಾರ ರೂಪಾಯಿಗಳನ್ನು ಬೇರೆ ಬೇರೆ ಮಾಡಿ. 1939 ಮತ್ತು ಅದರ ಹಿಂದಿನವು ಒಂದು ಗಂಟು, ಆಮೇಲಿನವು ಇನ್ನೊಂದು. ತೂಕ ಮಾಡಿ ಚೀಟಿಯಲ್ಲಿ ಬರೆದುಕೊಳ್ಳಿ. ಅಕ್ಷರ, ಮುಖ, ಅಂಚು ಚೊಕ್ಕವಾಗಿರುವುದನ್ನು ಪ್ರತ್ಯೇಕ ತೆಗೆದಿಟ್ಟು, ನಾಣ್ಯ ಬಲ್ಲ ಇಬ್ಬರಿಗಾದರೂ ತೋರಿಸದೆ ಕರಗಿಸಲು ಕೊಡಬೇಡಿ. ಹೊಸದು ಕೊಳ್ಳುವಾಗ ಗುರುತಿನ ಸಂಖ್ಯೆ ಕೇಳಿ. ಬಿಲ್ಲಿನಲ್ಲಿ ಶುದ್ಧತೆಯನ್ನು ಅಂಕಿಯಲ್ಲಿ ಬರೆಸಿಕೊಳ್ಳಿ.

ಹೀಗೆಲ್ಲ ಕೇಳುವ ಹೆಣ್ಣನ್ನು ಜೋರು ಅನ್ನುತ್ತಾರೆ. ಅನ್ನಲಿ. ತವರಿನಿಂದ ತಂದ ಸ್ತ್ರೀಧನ ಹೆಂಡತಿಯದೇ ಎಂದು ಸುಪ್ರೀಂ ಕೋರ್ಟು 1985ರಲ್ಲೇ ಹೇಳಿದೆ. ನಮ್ಮದೇ ಆಸ್ತಿಯಲ್ಲಿ ಏನಿದೆ, ಎಷ್ಟಿದೆ ಎಂದು ತಿಳಿದುಕೊಳ್ಳಲು ಯಾರ ಅಪ್ಪಣೆ ಬೇಕು?