ಕಟ್ಟಿದ ನಾಳ ಮತ್ತೆ ಜೋಡಿಸಿದರೆ ಮಗುವಾದೀತೆ?

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಟ್ಯೂಬೆಕ್ಟಮಿಯ ಪ್ರಸ್ತಾಪ ಬರುತ್ತದೆ. ಗರ್ಭ ತಡೆಯಲು ಇದು ಬಹಳ ಪರಿಣಾಮಕಾರಿ, ಆದರೆ ಮತ್ತೆ ಮೊದಲಿನಂತೆ ಮಾಡುವುದು ಕಷ್ಟ ಎಂದು ಅಲ್ಲಿ ಚುಟುಕಾಗಿ ಹೇಳಿ ಮುಗಿಸಲಾಗಿದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಆ ಪಾಠ ಓದುವ ಹುಡುಗಿಯ ತಾಯಿಯೇ ಈ ಆಪರೇಷನ್ ಮಾಡಿಸಿಕೊಂಡವಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ, 15ರಿಂದ 49 ವರ್ಷದೊಳಗಿನವರ ಪೈಕಿ, ಶೇಕಡಾ 57 ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಗಂಡಸರ ಪಾಲು ಶೇಕಡಾ ಒಂದೂ ಇಲ್ಲ! ಅವರ ಆಪರೇಷನ್ ಇದಕ್ಕಿಂತ ಸರಳ ಎಂಬುದು ಬೇರೆ ಮಾತು.

ಹಳ್ಳಿಯಲ್ಲಿ ಬೇಗ ಮದುವೆ, ಬೇಗ ಎರಡು ಮಕ್ಕಳು, ಇಪ್ಪತ್ತೈದು ತುಂಬುವ ಮೊದಲೇ ಆಪರೇಷನ್. ಆಮೇಲೆ ಬದುಕು ಅಂದುಕೊಂಡಂತೆ ನಡೆಯದೆ ಹೋಗಬಹುದು. ಮಗು ಕಾಲುವೆಗೆ ಬೀಳಬಹುದು, ಜ್ವರಕ್ಕೆ ತುತ್ತಾಗಬಹುದು. ಗಂಡ ತೀರಿಕೊಂಡವಳಿಗೆ ಮರುಮದುವೆ ಆಗಬಹುದು. 2004ರ ಸುನಾಮಿಯಲ್ಲಿ ಮಕ್ಕಳನ್ನೆಲ್ಲ ಕಳೆದುಕೊಂಡ ತಮಿಳುನಾಡಿನ ತಾಯಂದಿರಿಗೆ ಅಲ್ಲಿನ ಸರ್ಕಾರ ನಾಳ ಮರುಜೋಡಣೆಯನ್ನು ಉಚಿತವಾಗಿ ಮಾಡಿಸಿಕೊಟ್ಟಿತ್ತು. ಇಂಥ ಹೆಣ್ಣುಮಕ್ಕಳು ಕೇಳುವುದು ಒಂದೇ ಪ್ರಶ್ನೆ: ಹಾಕಿದ ಗಂಟು ಬಿಚ್ಚಲು ಬರುತ್ತದೆಯೆ?

ತಪ್ಪು ತಿಳಿವಳಿಕೆ ಇರುವುದು ಈ ಗಂಟಿನಲ್ಲಿಯೇ. ಅಂಡನಾಳ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದದ, ಮೃದುವಾದ ಕೊಳವೆ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ನಿನಲ್ಲಿ ಅದರ ಒಂದು ಮಡಿಕೆಯನ್ನು ಕಟ್ಟಿ ಕತ್ತರಿಸಿ ತೆಗೆಯುತ್ತಾರೆ. ಲ್ಯಾಪ್ರೋಸ್ಕೋಪ್ ಆದರೆ ಮಡಿಕೆಗೆ ಸಣ್ಣದೊಂದು ಉಂಗುರ ತೊಡಿಸುತ್ತಾರೆ. ರಕ್ತ ಸಿಗದೆ ಅಷ್ಟು ಭಾಗ ಸತ್ತುಹೋಗುತ್ತದೆ. ಹೀಗಾಗಿ ಬಿಚ್ಚಲು ಅಲ್ಲಿ ಗಂಟೇ ಉಳಿದಿರುವುದಿಲ್ಲ. ಮುಚ್ಚಿಹೋದ ಎರಡು ತುದಿಗಳನ್ನು ಕೊಯ್ದು ತೆರೆದು, ಕೂದಲಿಗಿಂತ ಸಣ್ಣ ದಾರದಿಂದ ಹೊಲಿಯಬೇಕು. ಸೂಕ್ಷ್ಮದರ್ಶಕದ ಕೆಳಗೆ ತಾಸುಗಟ್ಟಲೆ ನಡೆಯುವ ಕೆಲಸವಿದು.

ಹೊಲಿದ ಮೇಲೆ ಎಷ್ಟು ಉದ್ದ ಉಳಿಯಿತು ಎಂಬುದು ಮುಖ್ಯ. ನಾಲ್ಕು ಸೆಂಟಿಮೀಟರಿಗಿಂತ ಹೆಚ್ಚಿದ್ದರೆ ಆಶೆ ಇಟ್ಟುಕೊಳ್ಳಬಹುದು. ಉಂಗುರ ಹಾಕಿದವರಲ್ಲಿ ಸಾಮಾನ್ಯವಾಗಿ ನಾಳ ಹೆಚ್ಚು ಉಳಿದಿರುತ್ತದೆ. ಸುಟ್ಟು ಮುಚ್ಚಿದ್ದರೆ ಕಡಿಮೆ. ಅಂಡವನ್ನು ಹಿಡಿಯುವ, ಜಾಲರಿಯಂಥ ತುದಿಯನ್ನೇ ತೆಗೆದಿದ್ದರೆ ಜೋಡಣೆಯಿಂದ ಪ್ರಯೋಜನ ಅಷ್ಟಕ್ಕಷ್ಟೆ. ಆದುದರಿಂದ ಆಪರೇಷನ್ ಆದಾಗ ದವಾಖಾನೆಯಲ್ಲಿ ಕೊಟ್ಟ ಕಾಗದ ಟ್ರಂಕಿನಲ್ಲಿ ಇದ್ದರೆ ಎಸೆಯಬಾರದು. ಯಾವ ವಿಧಾನ ಎಂದು ಅದರಲ್ಲಿ ಬರೆದಿದ್ದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಇನ್ನು ಫಲಿತಾಂಶ. ಹಲವು ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರ ವಿವರಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಮರುಜೋಡಣೆಯ ನಂತರ ಗರ್ಭ ನಿಂತದ್ದು ಶೇಕಡಾ 42ರಿಂದ 69 ಮಂದಿಗೆ. ಗರ್ಭ ನಿಲ್ಲುವುದನ್ನು ನಿರ್ಧರಿಸುವುದರಲ್ಲಿ ಎಲ್ಲಕ್ಕಿಂತ ಮಿಗಿಲಾಗಿ ಕಂಡದ್ದು ಹೆಣ್ಣಿನ ವಯಸ್ಸು. ಮೂವತ್ತೈದರ ಒಳಗಿನವರಿಗೆ ಅವಕಾಶ ಚೆನ್ನಾಗಿದೆ. ನಲವತ್ತು ದಾಟಿದರೆ ನಾಳ ಎಷ್ಟೇ ಚೆನ್ನಾಗಿ ಕೂಡಿಕೊಂಡರೂ ಅಂಡಗಳ ಬಲ ಕುಗ್ಗಿರುತ್ತದೆ. ದೇವರಿಗೆ ಹರಕೆ ಹೊತ್ತು ಐದಾರು ವರ್ಷ ಕಾಯ್ದು ಆಮೇಲೆ ಬರುವವರಿಗೆ ಈ ಮಾತು ಕಹಿ ಎನಿಸಬಹುದು. ಗಂಡನ ವೀರ್ಯ ಪರೀಕ್ಷೆಯೂ ಮೊದಲೇ ಆಗಬೇಕು. ಅದನ್ನು ಬಿಟ್ಟು ಹೆಂಡತಿಯ ಹೊಟ್ಟೆಯನ್ನಷ್ಟೇ ಕೊಯ್ಯಿಸುವುದು ಯಾವ ನ್ಯಾಯ?

ಒಂದು ಅಪಾಯವಂತೂ ಮನೆಯವರೆಲ್ಲರಿಗೂ ಗೊತ್ತಿರಬೇಕು. ಹೊಲಿಗೆ ಬಿದ್ದ ನಾಳದಲ್ಲಿ ಭ್ರೂಣ ಸಿಕ್ಕಿಕೊಂಡು ಅಲ್ಲಿಯೇ ಬೆಳೆಯಬಹುದು. ಅದೇ ಪರಿಶೀಲನೆಯಲ್ಲಿ ಇದರ ಪ್ರಮಾಣ ಶೇಕಡಾ 4ರಿಂದ 8. ನಾಳ ಒಡೆದರೆ ಒಳಗೇ ರಕ್ತ ಸುರಿದು ಜೀವಕ್ಕೆ ಮುಳುವಾಗುತ್ತದೆ. ಮುಟ್ಟು ನಿಂತ ಕೂಡಲೇ ಮೂತ್ರ ಪರೀಕ್ಷೆ, ಗರ್ಭ ನಿಂತಿದ್ದರೆ ಆರನೇ ವಾರದ ಹೊತ್ತಿಗೆ ಸ್ಕ್ಯಾನಿಂಗ್ ಮಾಡಿಸಬೇಕು. ಕಿಬ್ಬೊಟ್ಟೆಯ ಒಂದು ಬದಿಗೆ ನೋವು, ತಲೆಸುತ್ತು, ಸ್ವಲ್ಪ ರಕ್ತ ಕಂಡರೂ ಬೆಳಗಾಗಲಿ ಎಂದು ಕಾಯದೆ ದವಾಖಾನೆಗೆ ಓಡಬೇಕು.

ವಯಸ್ಸು ಹೆಚ್ಚಿದ್ದರೆ, ನಾಳ ತೀರ ಚಿಕ್ಕದಾಗಿದ್ದರೆ ಪ್ರನಾಳ ಶಿಶು ವಿಧಾನವೇ ಮೇಲು. ಅದರಲ್ಲಿ ನಾಳದ ಗೊಡವೆಯೇ ಇಲ್ಲ. ಖರ್ಚು ಮಾತ್ರ ಪ್ರತಿ ಪ್ರಯತ್ನಕ್ಕೂ ಬೇರೆ. 2021ರ ಕಾಯ್ದೆಯಂತೆ ಹೆಣ್ಣಿಗೆ 50 ವರ್ಷದವರೆಗೆ ಮಾತ್ರ ಇದಕ್ಕೆ ಅವಕಾಶ. ಎರಡರಲ್ಲಿ ಯಾವುದು ಸೂಕ್ತ ಎಂಬುದನ್ನು ಬೆಳಗಾವಿಯ ಬಿಮ್ಸ್, ಕೆಎಲ್ಇಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ತಜ್ಞರು ಪರೀಕ್ಷಿಸಿ ಹೇಳಬಲ್ಲರು. ಗಂಡಹೆಂಡತಿ ಕೂಡಿಯೇ ಬಸ್ಸು ಹತ್ತುವುದು ಒಳ್ಳೆಯದು.

ಇನ್ನೂ ಆಪರೇಷನ್ ಆಗದ ಸೊಸೆಯೋ ಮಗಳೋ ಮನೆಯಲ್ಲಿದ್ದರೆ ಹಿರಿಯರು ಅವಸರಪಡಿಸಬೇಕಿಲ್ಲ. ಸರ್ಕಾರದ ನಿಯಮದಂತೆ 22 ತುಂಬಿದ, ಒಂದು ವರ್ಷ ದಾಟಿದ ಮಗುವುಳ್ಳ ವಿವಾಹಿತೆಗೆ ಆಪರೇಷನ್ ಮಾಡಬಹುದು ನಿಜ. ಮಾಡಬಹುದು ಎಂದರೆ ಆ ವರ್ಷವೇ ಮಾಡಿಸಬೇಕು ಎಂದಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುವ ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಡವೆಂದ ದಿನ ಅದನ್ನು ತೆಗೆಸಿಕೊಂಡು ಬರಬಹುದು.